ಮೀನಿಗೆ ಹೊದಿಸಿದ ಬಾಟಲಿ ಸೀರೆ

ಬಹಳ ಹಿಂದೆ, ನಿಮ್ಮಜ್ಜಿಯ ಅಜ್ಜಿಗೂ ನೆನಪಿಲ್ಲದ ಕಾಲದಲ್ಲಿ, ತಾರಾಗೆರೆ ಅಂತ ಒಂದು ರಾಜ್ಯವಿತ್ತು. ಆಗ ಪ್ಲಾಸ್ಟಿಕ್ ಬಾಟಲಿ ಎಲ್ಲಿತ್ತು ಅಂತ ಅಡ್ಡಬಾಯಿ ಹಾಕಬೇಡಿ. ಮಾಂತ್ರಿಕರಿದ್ದ ಕಡೆ ಏನು ಬೇಕಾದರೂ ಇರುತ್ತೆ.

ಅಲ್ಲಿನ ಮಾಂತ್ರಿಕ ಮಸಿಮಲ್ಲ ನೆಲದಾಳದ ಕರಿ ಎಣ್ಣೆ ಬಗೆದು ಬಾಟಲಿ ಮಾಡುತ್ತಿದ್ದ. ಜನ ಶರಬತ್ತು ಕುಡಿದು ಖಾಲಿ ಬಾಟಲಿ ಕೆರೆಗೆ ಎಸೆದಷ್ಟೂ ಅವನು ಊದಿಕೊಳ್ಳುತ್ತಿದ್ದ. ನೇಕಾರರ ಹುಡುಗಿ ತುಂಗಿ, ಸಾಕು ನಿಲ್ಲಿಸು ಅಂತ ಎದುರು ನಿಂತಳು. ಅವನು ಅವಳನ್ನು ಮೀನು ಮಾಡಿ ಅದೇ ಕೆರೆಗೆ ಬಿಟ್ಟ. ಬಾಟಲಿಗಳಿಂದ ಕೆರೆ ಪೂರ್ತಿ ಮುಚ್ಚಿಹೋದರೆ ಅವಳು ಉಸಿರುಗಟ್ಟಿ ಸಾಯುವುದು ಖಂಡಿತ.

ಅಕ್ಕ ಸಾವಂತ್ರಿ ಬಂದು ಅತ್ತು ಕರೆದಳು. ಮಸಿಮಲ್ಲ ಹೊಟ್ಟೆ ಕುಣಿಸಿ ನಕ್ಕ.

"ಈ ಬಾಟಲಿಗಳಿಂದಲೇ ಸೀರೆ ನೇಯ್ದು ಹೊದಿಸು. ಮತ್ತೆ ಹುಡುಗಿಯಾಗ್ತಾಳೆ."

ಆಗದ ಹೋಗದ ಮಾತು ಅಂತ ಅವನ ಧೈರ್ಯ. ಸಾವಂತ್ರಿ ಎಂಥ ಹಟಮಾರಿ ಅಂತ ಅವನಿಗೇನು ಗೊತ್ತು, ಪಾಪ.

ಅವಳು ಬಾಟಲಿಗಳ ಮೂಟೆ ಹೊತ್ತು ಮೊದಲು ಕಬ್ಬಿಣದ ಹಲ್ಲಿನ ಹಂದಿಯ ಹತ್ತಿರ ಹೋದಳು. ಹಂದಿ ಒಂದು ಬಾಟಲಿ ಕಚ್ಚಿ ಥೂ ಅಂತ ಉಗುಳಿತು. ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್, ಬೆರೆತರೆ ನೂಲು ಕೆಡುತ್ತೆ ಅಂತ ಗದರಿತು. ಸಾವಂತ್ರಿ ಮುಚ್ಚಳ ತೆಗೆದು, ಅಂಟಿದ ಚೀಟಿ ಕೆರೆದು, ತೊಳೆದು ಕೊಟ್ಟಳು. ಹಂದಿ ಕಟಕಟ ಕಡಿದು ಅವಲಕ್ಕಿಯಂಥ ಚೂರು ಮಾಡಿತು.

ಆಮೇಲೆ ಬೆಂಕಿ ಉಗುಳುವ ಉಡ. ಒಣಗಿದ ನೂಲು ಮಗ್ಗದಲ್ಲಿ ಕಡಿಯುತ್ತೆ ಅಂತ ನೇಕಾರರು ನೂಲಿಗೆ ನೀರು ಚಿಮುಕಿಸುತ್ತಾರಲ್ಲ, ಅದೇ ರೂಢಿಯಲ್ಲಿ ಸಾವಂತ್ರಿ ಚೂರಿಗೂ ಚಿಮುಕಿಸಿಬಿಟ್ಟಳು. ಉಡ ಕರಗಿಸಿಕೊಟ್ಟ ಪಾಕದಿಂದ ಎಳೆದ ನೂಲು ಮುಟ್ಟಿದರೆ ತುಂಡಾಗುತ್ತಿತ್ತು. ಅಲ್ಲಿ ತಂಗಿ ಬಾಯಿ ಬಾಯಿ ಬಿಡುತ್ತಿದ್ದಾಳೆ, ಇಲ್ಲಿ ತಾನು ಎಡವಟ್ಟು ಮಾಡಿ ಕೂತಿದ್ದೇನೆ ಅಂತ ಸಂಕಟ ತಡೆಯಲಾರದೆ ಅತ್ತಳು. ಕರಗಿಸುವ ಮುಂಚೆ ಒಂದು ಹನಿ ನೀರೂ ಇರಬಾರದು ಅಂತ ಉಡ ತಿಳಿಸಿ ಹೇಳಿತು. ಉಳಿದ ಚೂರನ್ನು ಅವಳು ಗರಿಗರಿಯಾಗಿ ಒಣಗಿಸಿದಳು.

ಉಡಕ್ಕೂ ಖುಷಿ. "ಕರಿ ಎಣ್ಣೆಯಿಂದ ಹೊಸ ಬಾಟಲಿ ಮಾಡೋಕೆ ಆ ಮಸಿಮಲ್ಲ ನನ್ನ ಬೆಂಕಿಯೆಲ್ಲ ಹಿಂಡ್ತಾನೆ ಕಣಮ್ಮ. ಹಳೇದನ್ನ ಕರಗಿಸೋಕೆ ಅಷ್ಟು ಬೆಂಕಿ ಬೇಡ, ನೆಲ ಬಗೆಯೋದೂ ಬೇಡ."

ಕೊನೆಗೆ ಜರಡಿಮೂತಿಯ ಜೇಡ. ಬಲೆಯಲ್ಲೂ ಬಾಟಲಿಗಳು ಸಿಕ್ಕಿಕೊಂಡು ಅದು ಪಾಡು ಪಡುತ್ತಿತ್ತು. ಸಾವಂತ್ರಿ ಒಂದೊಂದಾಗಿ ಬಿಡಿಸಿದಳು. ಜೇಡ ಬಿಸಿ ಪಾಕವನ್ನು ಮೂತಿಯ ಸಣ್ಣ ತೂತುಗಳಿಂದ ಶಾವಿಗೆ ಒತ್ತಿದಂತೆ ಒತ್ತಿತು. ಗಾಳಿಗೆ ತಣ್ಣಗಾಗಿ ರೇಷ್ಮೆಯಂಥ ಎಳೆ ಬಂತು. ಪಾಲಿಯೆಸ್ಟರ್ ಅಂದರೆ ಇದೇ.

ಸಾವಂತ್ರಿ ಮಗ್ಗದಿಂದ ಏಳದೆ ಸೀರೆ ನೇಯ್ದಳು. ಕೆರೆಯಲ್ಲಿ ಅಂಗೈಯಗಲ ನೀರು ಮಾತ್ರ ಕಾಣುತ್ತಿತ್ತು. ಅಲ್ಲಿ ಬಾಯಿ ಬಿಡುತ್ತಿದ್ದ ಮೀನಿಗೆ ಸೀರೆ ಹೊದಿಸಿದಳು. ತುಂಗಿ ಕೆಮ್ಮುತ್ತಾ ಎದ್ದು ಬಂದಳು. ಅಕ್ಕ ತಂಗಿ ತಬ್ಬಿಕೊಂಡು ಅತ್ತರು, ನಕ್ಕರು.

ಇದನ್ನು ಕಂಡ ಊರವರೆಲ್ಲ ಬಾಟಲಿ ಹೆಕ್ಕಿ ನೂಲು ಮಾಡತೊಡಗಿದರು. ಕೆರೆ ತಿಳಿಯಾಯಿತು. ಮಸಿಮಲ್ಲ ಬತ್ತಿ ಬತ್ತಿ ಬೆಂಡೆಕಾಯಿ ಗಾತ್ರಕ್ಕೆ ಬಂದ. ತಾರಾಗೆರೆಯ ರಾಣಿ ಅವನನ್ನು ಬಾಟಲಿಗಳ ಚೀಟಿ ಕೆರೆಯುವ ಕೆಲಸಕ್ಕೆ ಹಾಕಿದಳು.

ಒಂದು ದಿನ ಸಾವಂತ್ರಿ ಆ ಸೀರೆ ಒಗೆಯಲು ಕೆರೆಗೆ ಇಳಿದಳು. ತುಂಗಿ ಗಬಕ್ಕನೆ ಕೈ ಹಿಡಿದಳು. ಒಗೆದಾಗ ಸೀರೆಯಿಂದ ಕೂದಲಿಗಿಂತ ಸಣ್ಣ ಎಳೆ ಬಿಡುವುದನ್ನು ಅವಳು ನೋಡಿದ್ದಳು.

"ಬೇಡಕ್ಕ. ಈ ಎಳೆ ಮೀನಿನ ಹೊಟ್ಟೆಗೆ ಹೋಗುತ್ತೆ. ಮನೆಯಲ್ಲೇ ಒಗೆದು, ನೀರು ಸೋಸಿ ಚೆಲ್ಲು. ನಾನು ಅಲ್ಲಿ ಬಾಯಿ ತೆರೆದುಕೊಂಡು ಇದ್ದವಳು."

ಅಂದಿನಿಂದ ತಾರಾಗೆರೆಯಲ್ಲಿ ಯಾರೂ ಕೆರೆಯಲ್ಲಿ ಬಟ್ಟೆ ಒಗೆಯಲಿಲ್ಲ. ಜನರೂ ಸುಖವಾಗಿದ್ದರು, ಮೀನುಗಳೂ ಸುಖವಾಗಿದ್ದವು.