ರಾಣಿ ಸಾಯುವ ಅಧ್ಯಾಯ

"ಬಿಡ್ರಿ! ಅದನ್ನ ಮೊದಲು ನೋಡಿದಾಕಿ ನಾನು!"

ತೆಲುಗರ ನಾಡಿನ ಲಿಂಗಂಪಲ್ಲಿ ಸ್ಟೇಷನ್ ಎದುರಿನ ಹಳೇ ಪುಸ್ತಕದಂಗಡಿಯಲ್ಲಿ ಶಿವದೇವಿ ಕನ್ನಡದಲ್ಲೇ ಕೂಗಿಬಿಟ್ಟಳು. ಡ್ರ್ಯಾಗನ್ ಚಿತ್ರದ ಆ ದಪ್ಪ ಇಂಗ್ಲಿಷ್ ಕಾದಂಬರಿಯ ಇನ್ನೊಂದು ತುದಿ ಹಿಡಿದಿದ್ದವನು ನಕ್ಕ.

"ನಮ್ಮ ಕಡೆಯವರೇನ್ರಿ? ಯಾವೂರು?"

"ರಾಯಚೂರು... ಮೊದಲು ಕೈ ತೆಗೀರಿ!"

ಅಯ್ಯೋ, ಜಗಳದಲ್ಲೂ ಹೀಗೆ ನಗುತ್ತಾರಾ ಯಾರಾದರೂ?

ಅವನು ಗೋಪಿನಾಥ. ಕೊಂಡಾಪುರದ ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಹದಿಮೂರರ ಮಗಳು ರಶ್ಮಿ ಅಂದಿನಿಂದ ಅತ್ತಿರಲಿಲ್ಲ, ನಕ್ಕಿರಲೂ ಇಲ್ಲ.

"ಮಾಯಾ-ಮಂತ್ರದ ಕಥಿ ಅಂದ್ರ ಆಕಿಗೆ ಭಾಳ ಹುಚ್ಚು. ಓದಿ ಹೇಳೋಣ ಅಂದ್ರ, ನಾ ಡ್ರ್ಯಾಗನ್ನೂ ಆಫೀಸಿನ ರಿಪೋರ್ಟ್ ಓದಿದಂಗ ಓದ್ತೀನಿ."

ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ ಒಂಟಿಯಾಗಿದ್ದ ಶಿವದೇವಿಗೆ ನಗು ತಡೆಯಲಾಗಲಿಲ್ಲ.

"ನಿಂತಲ್ಲೇ ಒಂದು ಪುಟ ಜೋರಾಗಿ ಓದಿ ನೋಡ್ರಿ. ನಾಲಿಗಿ ತಡವರಿಸಿದ್ರ ಆ ಪುಸ್ತಕ ಬ್ಯಾಡ. ಸಣ್ಣ ಮಕ್ಕಳ ಕಥಿನೂ ಬ್ಯಾಡ, ಈ ವಯಸ್ಸಿನಾಗ ಸಿಟ್ಟಿಗೇಳ್ತಾರ."

ಅವನು ಪುಸ್ತಕವನ್ನು ಅವಳ ಕೈಗಿಟ್ಟ. "ನೀವೇ ಓದ್ರಿ. ನಮ್ಮ ಮನ್ಯಾಗ."

ಅವಳು ಒಪ್ಪಿದಳು. ಪ್ರತಿ ಭಾನುವಾರ ಸಂಜೆ ಅವನ ಫ್ಲ್ಯಾಟಿನಲ್ಲಿ, ಕಣ್ಣಲ್ಲಿ ಇಂಗ್ಲಿಷ್ ಓದುತ್ತ ಬಾಯಲ್ಲಿ ಕನ್ನಡ ಹೇಳುತ್ತ ಶಿವದೇವಿ ಕಥೆ ನಡೆಸಿದಳು. ಡ್ರ್ಯಾಗನ್ "ಏನಲೇ ಮಬ್ಬ!" ಎಂದು ಮಂತ್ರವಾದಿಯನ್ನು ಬೈದಾಗ ರಶ್ಮಿ ಪಕ್ಕನೆ ನಕ್ಕಳು. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಗೋಪಿನಾಥ ಹಾಗೇ ನಿಂತುಬಿಟ್ಟ.

ಓದು ಮುಗಿದ ಮೇಲೂ ಅವನ ಜೊತೆ ಹರಟುತ್ತ ಕೂರುವುದು ಅವಳಿಗೆ ರೂಢಿಯಾಯಿತು. ಆಮೇಲೆ ಆ ಅಧ್ಯಾಯ ಬಂತು. ರಾಜಕುಮಾರಿಯ ತಾಯಿ, ರಾಣಿ, ಸಾಯುವ ಅಧ್ಯಾಯ.

ಈ ಮಗುವಿಗೆ ಇದನ್ನು ಹೇಗೆ ಹೇಳಲಿ...

"ರಾಣಿ ಗುಡ್ಡದ ಆಚೆ ಹೋದಳು. ಅಲ್ಲಿ ಆರಾಮಾಗಿದ್ದಾಳ," ಎಂದು ಪುಟ ತಿರುಗಿಸಿಬಿಟ್ಟಳು.

ಎರಡೇ ದಿನಕ್ಕೆ ಗೋಪಿನಾಥನ ಫೋನ್.

"ಮುಂದೇನಾತು ಅಂತ ರಶ್ಮಿ ತಾನೇ ಪುಸ್ತಕ ಓದ್ಯಾಳ. ರಾಣಿ ಸತ್ತಾಳಂತ! ಬಾಗಿಲು ಹಾಕ್ಕೊಂಡು ಕುಂತಾಳ. ನಿಮ್ಮನ್ನ ಎಷ್ಟು ನಂಬಿದ್ಲು... ಯಾಕ್ರೀ ಸುಳ್ಳು ಹೇಳಿದ್ರಿ?"

ಉತ್ತರಿಸುವ ಮೊದಲೇ ಫೋನ್ ಕಟ್ಟಾಯಿತು. ಶಿವದೇವಿ ಆಟೋ ಹತ್ತಿದಳು. ಇವತ್ತು ಹೋಗದಿದ್ದರೆ ಆ ಮನೆಯ ಬಾಗಿಲು ತನಗೆ ಮತ್ತೆ ತೆರೆಯುವುದಿಲ್ಲ!

"ರಶ್ಮಿ, ತಪ್ಪಾತವ್ವ. ಆ ಅಧ್ಯಾಯ ಇದ್ದದ್ದು ಇದ್ದಂಗ ಓದ್ತೀನಿ. ಬೈಯೋದಿದ್ರ ಆಮ್ಯಾಲ ಬೈ."

ಕೋಣೆಯ ಬಾಗಿಲು ಚೂರೇ ಸರಿಯಿತು. ಪುಸ್ತಕ ಹಿಡಿದ ಕೈ ಹೊರಬಂತು.

"ಏನೂ ಸೇರಿಸಬ್ಯಾಡ್ರಿ, ಆಂಟಿ."

ಬಾಗಿಲ ಹೊರಗೆ ನೆಲದ ಮೇಲೆ ಕೂತು ಅವಳು ಓದಿದಳು. ರಾಣಿ ಸತ್ತಳು. ರಾಜಕುಮಾರಿ ತಾಯಿಯ ತಣ್ಣನೆಯ ಕೈ ಹಿಡಿದಳು, ಕೊನೆಯ ಬಾರಿ ಅವಳ ತಲೆ ಬಾಚಿದಳು. ಶಿವದೇವಿ ಒಂದು ಸಾಲನ್ನೂ ಬಿಡಲಿಲ್ಲ. ಅಷ್ಟರಲ್ಲಿ ರಶ್ಮಿ ಹೊರಬಂದು ಅವಳ ತೊಡೆಗೆ ಮುಖ ಒತ್ತಿ ಬಿಕ್ಕತೊಡಗಿದಳು.

"ಅಮ್ಮನ ಕೈನೂ ಹಿಂಗ ತಣ್ಣಗಿತ್ತು... ಪಪ್ಪಾ ಆಕಿ ಹೆಸರೇ ಎತ್ತಂಗಿಲ್ಲ!"

ಗೋಪಿನಾಥ ಮಗಳ ಪಕ್ಕ ನೆಲಕ್ಕೆ ಕೂತ. "ಸುವರ್ಣಾ..." ಎಂದ. ಹೆಂಡತಿಯ ಹೆಸರು ಅವನ ಬಾಯಿಗೆ ಬಂದದ್ದು ವರ್ಷಕ್ಕೂ ಹೆಚ್ಚು ಕಾಲದ ನಂತರ. ಮೂವರೂ ಅತ್ತರು.

ಶಿವದೇವಿ ಚಪ್ಪಲಿ ಮೆಟ್ಟಿ ಹೊರಟಾಗ ಅವನು ಹೊಸ್ತಿಲವರೆಗೆ ಬಂದ.

"ನಿಮಗ ಸುಳ್ಳುಗಾರ್ತಿ ಅಂದೆ. ಸುಮ್ಮನಿದ್ದು ದೊಡ್ಡ ಸುಳ್ಳು ಹೇಳ್ದಾಂವ ನಾನು. ಮಗಳನ್ನ ನನಗ ವಾಪಸ್ ಕೊಟ್ರಿ. ಈ ಋಣ..."

"ಋಣ ಅನ್ನಬ್ಯಾಡ್ರಿ. ಖೋಲ್ಯಾಗ ಒಬ್ಬಾಕಿನೇ ಮನಸ್ಸಿನಾಗ ಓದ್ಕೋತಿದ್ದೆ. ಕೇಳೋರು ಸಿಕ್ಕಿರಿ. ನಾನೇ ನಿಮಗ ಶರಣು ಅನ್ನಬೇಕು."

"ಶಿವದೇವಿ..." ಅವನು ಒಂದು ಹೆಜ್ಜೆ ಮುಂದೆ ಬಂದ. "ರವಿವಾರ ಒಂದೇ ಸಾಕಾಗಂಗಿಲ್ಲ. ದಿನಾ ಇಲ್ಲೇ ಇರ್ತೀರೇನು? ನನ್ನಾಕಿ ಆಗಿ?"

ದೇವರೇ... ಇದನ್ನೇ ಅಲ್ಲವೇ ತಾನು ಕನಸಿನಲ್ಲೂ ಕೇಳಲು ಹೆದರಿದ್ದು?

"ರಶ್ಮೀನ ಕೇಳಿದ್ರೇನು?"

ಒಳಗಿನಿಂದ ಮೂಗೆಳೆಯುತ್ತಲೇ ಕೂಗು ಬಂತು: "ಆಂಟಿ, ಲಗೂನ ಹೂಂ ಅನ್ರಿ! ರಾಜಕುಮಾರಿ ಇನ್ನೂ ಗವಿಯಾಗ ಸಿಕ್ಕೊಂಡಾಳ!"

ಶಿವದೇವಿ ಚಪ್ಪಲಿ ಮತ್ತೆ ಬಿಚ್ಚಿದಳು.

"ಹೂಂ," ಎಂದಳು ಅವನಿಗೆ.