ಅಗಸಿ ಓಣಿಗೆ ಬಂದ ನೆರಳು

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಂದು ನೆರಳುಹಾಯಿ ಫರಸಿಗುಡ್ಡ ಎಂಬ ಊರಿನ ಆಕಾಶದಲ್ಲಿ ಸದ್ದಿಲ್ಲದೆ ತೇಲಿಬಂದು ಅಗಸಿ ಓಣಿಯ ನೆತ್ತಿಗೆ ನಿಂತಿತು. ಅದು ನಿಲ್ಲುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು ಬಂದು ಮಗ್ಗುಲಿಗೆ ಸೇರಿಕೊಂಡಿತು. ಮಾಳಿಗೆಗಳ ಮೇಲೆ ಹಳೆಯ ಸೀರೆ ಹಾಸಿ ಕುರಡಗಿ ಸಂಡಿಗೆ ಒತ್ತುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಮೇಲೆ ನೋಡಿದರು. ಇಡೀ ಊರು ಅಂಗೈಯಗಲ ನೆರಳಿಗಾಗಿ ಬಾಯಿ ಬಿಡುತ್ತಿದ್ದ ವೈಶಾಖದಲ್ಲಿ ನೆರಳು ಬೇಡವಾಗಿದ್ದ ಓಣಿ ಇದೊಂದೇ. ಆ ಬೆಳಿಗ್ಗೆ ನೆರಳು ಬಂದದ್ದೂ ಇದೊಂದಕ್ಕೇ.

ನೆರಳುಹಾಯಿ ಎಂದರೆ ಒಂದು ಓಣಿಯನ್ನು ಮುಚ್ಚುವಷ್ಟು ದೊಡ್ಡದಾದ ತೆಳ್ಳನೆಯ ಹಾಳೆ. ಅದರ ಅಂಚಿನುದ್ದಕ್ಕೂ ಹಗುರ ಅನಿಲ ತುಂಬಿದ ಕೊಳವೆಗಳು, ಮೂಲೆಗಳಲ್ಲಿ ಬಿಸಿಲಿನ ಶಕ್ತಿಯಿಂದಲೇ ತಿರುಗುವ ಸಣ್ಣ ಪಂಖಗಳು. ಸೂರ್ಯ ಸರಿದಂತೆ ಹಾಯಿಯೂ ಸರಿದು ಹೇಳಿದ ಜಾಗಕ್ಕೇ ನೆರಳು ಬೀಳಿಸುತ್ತಿತ್ತು. ಗಾಳಿ ಜೋರಾದರೆ ತಾನಾಗಿಯೇ ಮಡಚಿಕೊಂಡು ಗುಡ್ಡದ ಮೇಲಿನ ಗೂಡಿಗೆ ಹೋಗುತ್ತಿತ್ತು. ಇದನ್ನು ಕಂಡುಹಿಡಿದ ಡಾ. ವೀರಭದ್ರ ಹಳ್ಳಿಖೇಡ ಇದೇ ಊರಿನವರು. ಇಲ್ಲಿ ಗೋಡೆಯೂ ಫರಸಿ ಕಲ್ಲಿನದು, ಚಾವಣಿಯೂ ಫರಸಿ ಕಲ್ಲಿನದು, ಅಂಗಳವೂ ಅದೇ. ಬೇಸಿಗೆಯಲ್ಲಿ ಮನೆಯೊಳಗೆ ಕೂತರೆ ಕಾದ ಹಂಚಿನ ಮೇಲೆ ಕೂತ ಹಾಗೆ. ಆ ಬಿಸಿಲಿನಲ್ಲಿ ಬೆಳೆದ ಮನುಷ್ಯ ಹಾಯಿ ಕಟ್ಟದೆ ಇನ್ನೇನು ಕಟ್ಟಿಯಾನು?

ಹಾಯಿ ಹಾರಿದ ಮೇಲೆ ಉಳಿದದ್ದು ಸಣ್ಣ ಕೆಲಸ ಎಂದು ಡಾ. ಹಳ್ಳಿಖೇಡ ಹೇಳಿದರು. ಯಾವ ಓಣಿಗೆ ಎಷ್ಟು ತಾಸು ನೆರಳು ಎಂಬುದನ್ನು ಊರಿನವರೇ ತಮ್ಮ ಫೋನಿನಲ್ಲಿ ಹುಡುಕಿ ತಿದ್ದುವಂತಿರಬೇಕು. ಹುಡುಕಲು ಒಂದು ಚೌಕ, ಅದರ ಕೆಳಗೆ ಓಣಿಗಳ ಸಾಲು, ತಾಸು ಕೂಡಿಸಲು ಇನ್ನೊಂದು ಚೌಕ, ಕೊನೆಗೆ 'ಉಳಿಸು' ಎಂಬ ಗುಂಡಿ. ಮಧ್ಯಾಹ್ನದ ಚಹಾದೊಳಗೆ ಮುಗಿಯುವ ಕೆಲಸವಂತೆ. ಇಂಥ ಮಾತನ್ನು ಹೇಳುವವರು ಯಾವಾಗಲೂ ಆ ಕೆಲಸ ಮಾಡದವರೇ ಆಗಿರುತ್ತಾರೆ. ಮಾಡಬೇಕಾದವಳು ನೀಲಾಂಬಿಕಾ ಮೇತ್ರಿ, ನೆರಳು ಸಮಿತಿಯ ಏಕೈಕ ಪ್ರೋಗ್ರಾಮರ್.

ಇಂಥ ಪುಟಗಳನ್ನು ಯಾರೂ ಬುಡದಿಂದ ಕಟ್ಟುವುದಿಲ್ಲ. ಅದಕ್ಕೊಂದು ಸಿದ್ಧ ಚೌಕಟ್ಟು ಇರುತ್ತದೆ. ಮನೆ ಕಟ್ಟುವವನಿಗೆ ಕಂಬ, ತೊಲೆ, ಬಾಗಿಲುಗಳನ್ನು ಮೊದಲೇ ಮಾಡಿ ಕೈಗೆ ಕೊಟ್ಟ ಹಾಗೆ. ತೊಂದರೆ ಏನೆಂದರೆ, ಆರು ತಿಂಗಳಾಗುವಷ್ಟರಲ್ಲಿ ಆ ಕಂಬ ಮಾಡಿದವರೇ ಬಂದು, ಈಗ ಯಾರೂ ಕಂಬ ಬಳಸುವುದಿಲ್ಲ, ಎಲ್ಲ ಬಿಚ್ಚಿ ಮತ್ತೆ ಕಟ್ಟಿ ಎನ್ನುತ್ತಾರೆ. ನೀಲಾಂಬಿಕಾ ಹಾಗೆ ಎರಡು ಸಲ ಬಿಚ್ಚಿ ಕಟ್ಟಿದ್ದಳು. ಮೂರನೆಯ ಸಲ ಚೌಕಟ್ಟಿನವರ ಹೊಸ ಪ್ರಕಟಣೆಯನ್ನು ಓದಲಿಲ್ಲ, ಅಷ್ಟು ರೋಸಿಹೋಗಿದ್ದಳು.

ಪುಟ ಊರಿನವರ ಕೈಗೆ ಹೋಗುವ ಮೊದಲು ಸಮಿತಿ ಪ್ರತಿ ಓಣಿಗೂ ಇಷ್ಟಿಷ್ಟು ತಾಸು ಎಂದು ತುಂಬಿತು. ಅಗಸಿ ಓಣಿಯ ಮುಂದೆ ಬರೆದದ್ದು ಸೊನ್ನೆ. ಅಲ್ಲಿನ ಹೆಂಗಸರ ಜೀವನವೇ ಬಿಸಿಲು. ಗೋಧಿ ನೆನೆಹಾಕಿ, ರುಬ್ಬಿ, ಹಾಲು ತೆಗೆದು, ಕುದಿಸಿ, ಒತ್ತಿ, ಮಾಳಿಗೆಯ ಮೇಲೆ ಒಣಗಿಸುವ ಕುರಡಗಿ ಎಂಬ ಸಂಡಿಗೆ ಅಲ್ಲಿಂದಲೇ ನಾಲ್ಕು ಜಿಲ್ಲೆಗಳಿಗೆ ಹೋಗುತ್ತದೆ. ಒತ್ತಿದ ದಿನವೇ ಗಲಗಲ ಒಣಗಬೇಕು, ಇಲ್ಲದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ. ಮಿರಗದ, ಅಂದರೆ ಮೃಗಶಿರಾ, ಮಳೆ ಬರುವುದರೊಳಗೆ ಒಣಗಿಸಿದ್ದರಲ್ಲೇ ಓಣಿಯ ವರ್ಷದ ಗಂಜಿ. ಹಾಗಾಗಿ ಸೊನ್ನೆ ಬರೆದಾಗ ಸಮಿತಿಯಲ್ಲಿ ಯಾರೂ ಎರಡನೆಯ ಮಾತು ಆಡಲಿಲ್ಲ.

ಪುಟ ತೆರೆದ ದಿನದಿಂದಲೇ ರಂಪ ಶುರುವಾಯಿತು. ವಿದ್ಯಾನಗರದವರು ತಮ್ಮ ಓಣಿ ಹುಡುಕಿ ಎರಡು ತಾಸು ಕೂಡಿಸಿದರು, ನೆರಳು ಬರಲಿಲ್ಲ. ಕಟಗರ ಓಣಿಯವರು ಮೂರು ಕೂಡಿಸಿದರು, ಅವರಿಗೂ ಬರಲಿಲ್ಲ. ಬಾರದಿದ್ದರೆ ಮತ್ತಷ್ಟು ಕೂಡಿಸಿದರು. ಬೈಗುಳಗಳೆಲ್ಲ ನೀಲಾಂಬಿಕಾಳ ಫೋನಿಗೆ ಬಂದವು. ಅವಳು ಕಚೇರಿಯಲ್ಲಿ ಕೂತು ಇಡೀ ಸಾಲನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿ, ಯಾವುದೋ ಓಣಿಯನ್ನು ಆರಿಸಿ, ಒಂದು ತಾಸು ಕೂಡಿಸಿ ನೋಡಿದಳು. ಕಿಟಕಿಯಾಚೆ ಹಾಯಿ ಹೇಳಿದ ಕಡೆಗೇ ಹೋಯಿತು. ಇನ್ನೊಂದನ್ನು ನೋಡಿದಳು, ಅದೂ ಸರಿಯಾಗಿ ಹೋಯಿತು. ನನ್ನ ಕೈಯಲ್ಲಿ ನಡೆಯುವ ಪುಟ ನಿಮ್ಮ ಕೈಯಲ್ಲಿ ಯಾಕೆ ನಡೆಯುವುದಿಲ್ಲ ಎಂದು ಅವಳು ಕೇಳಿದರೆ ಜನ ಕೇಳಿಯಾರೇ? ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದು ಒಬ್ಬರು ಮುಖಕ್ಕೇ ಹೇಳಿ ಫೋನಿಟ್ಟರು.

ಇಂಥ ಹೊತ್ತಿನಲ್ಲಿ ಕಚೇರಿಗೆ ಬಂದವಳು ಅಗಸಿ ಓಣಿಯ ಚಂದಮ್ಮ. ಕುರಡಗಿ ಒತ್ತುವ ಹೆಂಗಸರಿಗೆಲ್ಲ ಹಿರಿಯಳು. ಬರಿಗೈಲಿ ಬರಬಾರದೆಂದು ಒಂದು ಬಟ್ಟೆಯ ಗಂಟಿನಲ್ಲಿ ಕುರಡಗಿ ತಂದಿದ್ದಳು. ಬಹಳ ಹೊತ್ತು ಹಾಯಿಯನ್ನು ಹೊಗಳಿದಳು, ಸಮಿತಿಯನ್ನು ಹೊಗಳಿದಳು, ಕೊನೆಗೆ ಬಂದ ಕೆಲಸ ಹೇಳಿದಳು.

"ನೆರಳು ಚೊಲೋ ಅದ್ರಿ ಮೇಡಂ. ಆದ್ರ ನಮಗ ಸಾಕ್ರಿ. ಬ್ಯಾರೆ ಓಣಿಯವರಿಗಿ ಕೊಡ್ರಿ."

ಈ ಸೀಮೆಯ ಊಟದ ಪಂಕ್ತಿಯಲ್ಲಿ ಕೂತವರಿಗೆ ಇದು ಗೊತ್ತಿದೆ. ಉಣ್ಣುವವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಎನ್ನಬೇಕು, ಬಡಿಸುವವನು ಬೆರಳ ಸಂದಿಯಿಂದಾದರೂ ಇನ್ನೊಂದು ಹೋಳಿಗೆ ಬೀಳಿಸಬೇಕು. ಸಾಕು ಎಂದ ಕೂಡಲೇ ಬಡಿಸುವುದನ್ನು ನಿಲ್ಲಿಸಿದ ಮನೆಗೆ ಹೆಸರು ಬರುವುದಿಲ್ಲ. ನೀಲಾಂಬಿಕಾ ಈ ಸಂಸ್ಕಾರದಲ್ಲೇ ಬೆಳೆದವಳು. ಬೆಳಗಿನಿಂದ ನನಗೆ, ನನಗೆ ಎಂಬ ಕೂಗನ್ನೇ ಕೇಳಿ ಕಿವಿ ತೂತಾಗಿದ್ದ ಅವಳಿಗೆ, ಬೇರೆಯವರಿಗೆ ಕೊಡಿ ಎಂದ ಈ ಒಬ್ಬಳನ್ನು ನೋಡಿ ಕಣ್ಣು ತುಂಬಿಬಂತು. ಚಂದಮ್ಮ ಮೆಟ್ಟಿಲಿಳಿಯುತ್ತಿದ್ದಂತೆಯೇ ಪುಟ ತೆರೆದಳು. ಅಕ್ಷರಗಳ ಕ್ರಮದಲ್ಲಿ ಅಗಸಿ ಓಣಿ ಎಲ್ಲಕ್ಕಿಂತ ಮೇಲೆ ಇತ್ತು, ಹುಡುಕುವ ಕೆಲಸವೂ ಇರಲಿಲ್ಲ. ಅಲ್ಲಿ ಸೊನ್ನೆ ಬರೆದದ್ದೂ ನೆನಪಾಗದೆ, ಪಕ್ಕದ ಅಂಕಿಯನ್ನು ಸರಿಯಾಗಿ ನೋಡದೆಯೇ ಇನ್ನೊಂದು ತಾಸು ಕೂಡಿಸಿ ಉಳಿಸಿದಳು. ಫರಸಿಗುಡ್ಡದವರಲ್ಲದೆ ಬೇರೆ ಯಾರೂ ಮಾಡದ ತಪ್ಪು ಇದು.

ಆ ವಾರದ ಕುರಡಗಿಯೆಲ್ಲ ಹುಳಿಯಾಯಿತು. ಅಷ್ಟರಲ್ಲಿ ಡಾ. ಹಳ್ಳಿಖೇಡರು ಹಾಯಿಗಳ ಲೆಕ್ಕ ತೆಗೆಸಿ ನೋಡಿದರು. ಊರಿನ ನೆರಳಿನಲ್ಲಿ ಮುಕ್ಕಾಲು ಪಾಲು ಅಗಸಿ ಓಣಿಯ ಮೇಲಿತ್ತು. ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು? ಬಿಸಿಲು ಬೇಕೆಂದು ಸೊನ್ನೆ ಬರೆಸಿಕೊಂಡವರು ಹಿಂಬಾಗಿಲಿನಿಂದ ಎಲ್ಲವನ್ನೂ ಬಾಚುತ್ತಿದ್ದಾರೆ ಎಂದು ಜನ ಆಡಿಕೊಂಡರು. ನೀರಿನ ಟ್ಯಾಂಕರ್ ಹತ್ತಿರ ಅಗಸಿ ಓಣಿಯ ಹೆಂಗಸರ ಕೊಡಗಳನ್ನು ಹಿಂದೆ ತಳ್ಳಿದರು. ನೀಲಾಂಬಿಕಾ ಕೂಡ ಅದನ್ನೇ ನಂಬಿದಳು. ಸಾಕು ಎಂದು ಬಣ್ಣದ ಮಾತಾಡಿ ತನ್ನಿಂದ ಒಂದು ತಾಸು ಹೆಚ್ಚಿಗೆ ಕಿತ್ತ ಚಂದಮ್ಮನ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇದನ್ನು ಇತ್ಯರ್ಥ ಮಾಡಿಯೇ ತೀರುತ್ತೇನೆಂದು ಮಧ್ಯಾಹ್ನದ ಬಿಸಿಲಿನಲ್ಲೇ ಹೊರಟಳು.

ಅಗಸಿ ಓಣಿಯಲ್ಲಿ ಸಂಜೆಯ ಹಾಗಿತ್ತು. ಹೆಂಗಸರು ಕಟ್ಟೆಗಳ ಮೇಲೆ ಸುಮ್ಮನೆ ಕೂತಿದ್ದರು. ಒಬ್ಬ ಮುದುಕಿ ಬಾಗಿಲ ಹೊರಗೆ ಕಲ್ಲಿನ ಮೇಲೆಯೇ ಸೆರಗು ಹಾಸಿ ನಿದ್ದೆ ಹೋಗಿದ್ದಳು. ಇಡೀ ಊರು ಬೇಯುತ್ತಿರುವಾಗ ಇವರ ಸುಖ ನೋಡು ಎಂದುಕೊಂಡ ನೀಲಾಂಬಿಕಾ ನಿಂತಲ್ಲೇ ಬಾಯಿ ಮಾಡಿದಳು. ಚಂದಮ್ಮ ಅವಳ ರಟ್ಟೆ ಹಿಡಿದು ಮಾಳಿಗೆಗೆ ಕರೆದೊಯ್ದಳು. ಸೀರೆಗಳ ಮೇಲೆ ಕುರಡಗಿ ಬಾಡಿದ ಹೂವಿನ ಹಾಗೆ ಅಂಟಿಕೊಂಡಿತ್ತು, ಹುಳಿ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾಯಿತು.

"ನಾ ಬಂದು ಸಾಕು ಅಂದಿದ್ದಿಲ್ಲೇನ್ರಿ?" ಎಂದಳು ಚಂದಮ್ಮ.

"ಸಾಕು ಅಂದ್ರ ಬ್ಯಾಡ ಅಂತ ನಾ ಹ್ಯಾಂಗ ತಿಳೀಲಿ? ಬ್ಯಾಡಾಗಿದ್ರ ಬ್ಯಾಡ ಅನ್ನಬೇಕಿತ್ತು."

"ಕೊಟ್ಟವರ ಮುಂದ ನಿಂತು ಬ್ಯಾಡ ಅನ್ಲಾಕ ಬಾಯಿ ಬರಬೇಕಲ್ರಿ ತಾಯಿ."

ಆಗಲೇ ಫೋನ್ ಬಂತು. ಡಾ. ಹಳ್ಳಿಖೇಡರು ವಿದ್ಯಾನಗರದ ತಮ್ಮ ಮನೆಯಿಂದ ಮಾತಾಡುತ್ತಿದ್ದರು. ಅವರ ಓಣಿಯವರು ಕೂಡಿಸಿದ ತಾಸಿಗೆ ಈ ಹೊತ್ತಿನವರೆಗೂ ಒಂದೂ ಹಾಯಿ ಬಂದಿರಲಿಲ್ಲ. "ನೀಲಾಂಬಿಕಾ, ನಾ ಆಕಾಶದಾಗ ಬಟ್ಟಿ ನಿಲ್ಲಿಸೀನಿ. ನಿಮ್ಮ ಕೈಲೆ ಒಂದು ಪುಟ ನಿಲ್ಲಸಲಿಕ್ಕಿ ಆಗವಲ್ದೇನು?" ಎಂದರು. ಅವಳು ಅಲ್ಲೇ ಪುಟ ತೆರೆದಳು. ಹುಡುಕುವ ಚೌಕದಲ್ಲಿ 'ವಿದ್ಯಾನಗರ' ಎಂದು ಬರೆದಳು. ಉಳಿದ ಓಣಿಗಳೆಲ್ಲ ಮಾಯವಾಗಿ ಅದೊಂದೇ ಪರದೆಯ ಮೇಲೆ ಉಳಿಯಿತು. ಒಂದು ತಾಸು ಕೂಡಿಸಿ ಉಳಿಸಿದಳು. ಗುಡ್ಡದ ಕಡೆಯಿಂದ ಒಂದು ಹಾಯಿ ಎದ್ದು, ವಿದ್ಯಾನಗರವನ್ನು ದಾಟಿ, ನೆಟ್ಟಗೆ ಬಂದು ಅವಳ ತಲೆಯ ಮೇಲೆ ನಿಂತಿತು. ಅವಳು 'ಕಟಗರ ಓಣಿ' ಹುಡುಕಿ ತಿದ್ದಿದಳು. ಮತ್ತೊಂದು ಹಾಯಿ ಅವಳ ತಲೆಯ ಮೇಲೇ ಬಂತು.

ನೀಲಾಂಬಿಕಾ ಮಾಳಿಗೆಯ ಮೇಲೇ ಕೂತಳು. ಏನಾಯಿತೆಂದು ಚಂದಮ್ಮ ಕೇಳಿದಾಗ ಅವಳು ಪಂಕ್ತಿಯ ಲೆಕ್ಕದಲ್ಲೇ ಹೇಳಿದಳು. ಪಂಕ್ತಿಯಲ್ಲಿ ಊರೆಲ್ಲ ಕೂತಿದೆ, ಮೊದಲನೆಯ ಎಲೆ ಅಗಸಿ ಓಣಿಯದು. ಒಬ್ಬರು ತಮ್ಮ ಓಣಿಯನ್ನು ಹುಡುಕಿದ ಕೂಡಲೇ ಉಳಿದವರೆಲ್ಲ ಅವರ ಕಣ್ಣಿಗೆ ಮರೆಯಾಗುತ್ತಾರೆ, ಅವರ ಓಣಿಯೇ ಮೊದಲನೆಯದಾಗಿ ಕಾಣುತ್ತದೆ. ಅವರು ಇದಕ್ಕೆ ಬಡಿಸು ಎನ್ನುತ್ತಾರೆ. ನಾನು ಬರೆದ ಪುಟ ಹೆಸರು ಕೇಳುವುದಿಲ್ಲ, ಎಷ್ಟನೆಯ ಎಲೆ ಎಂದಷ್ಟೇ ಕೇಳುತ್ತದೆ. ಮೊದಲನೆಯದು ಎಂದು ತಿಳಿದು, ಅಡುಗೆಮನೆಯಿಂದ ಬಂದು, ಪೂರ್ತಿ ಪಂಕ್ತಿಯ ಮೊದಲನೆಯ ಎಲೆಗೆ ಬಡಿಸುತ್ತದೆ. ನಾನು ಪರೀಕ್ಷೆ ಮಾಡುವಾಗ ಒಂದು ಸಲವೂ ಹುಡುಕಲಿಲ್ಲ, ಇಡೀ ಸಾಲಿನಲ್ಲೇ ಆರಿಸಿದೆ, ಅದಕ್ಕೇ ನನಗೆ ಎಲ್ಲ ಸರಿಯಾಗಿ ಕಂಡಿತು. ಚಂದಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಹಂಗಾದ್ರ ಊರವರ ಹೋಳಿಗಿ ನಾವು ಉಂಡಂಗಾತು, ಅದೂ ನಮಗ ಬ್ಯಾಡಾದ ಹೋಳಿಗಿ ಎಂದಳು.

ಊರಿಗೇ ತಲೆನೋವು ತಂದ ತಪ್ಪು ಒಂದೇ ಸಾಲಿನದಾಗಿತ್ತು. ಎಷ್ಟನೆಯದು ಎನ್ನುವ ಕಡೆ ಓಣಿಯ ಹೆಸರು ಹಾಕಿದ್ದೇ ತಡ, ಹಾಯಿಗಳು ಚದುರಿ ತಮ್ಮ ತಮ್ಮ ದಾರಿ ಹಿಡಿದವು. ನೀಲಾಂಬಿಕಾ ಅಗಸಿ ಓಣಿಯ ಅಂಕಿಯನ್ನು ತನ್ನ ಕೈಯಾರೆ ಸೊನ್ನೆಗೆ ಇಳಿಸಿದಳು, ತಪ್ಪು ತನ್ನದೆಂದು ಊರಿಗೆಲ್ಲ ಸಂದೇಶ ಕಳಿಸಿದಳು. ಓಣಿಯ ಮೇಲೆ ಬೆಂಕಿಯಂಥ ಬಿಸಿಲು ಮರಳಿ ಬಿತ್ತು, ಹೊಸದಾಗಿ ಒತ್ತಿದ ಕುರಡಗಿ ಅದೇ ಸಂಜೆ ಗಲಗಲ ಎಂದಿತು. ಮಿರಗಕ್ಕೆ ಇನ್ನೂ ದಿನಗಳಿದ್ದವು, ಓಣಿಯ ವರ್ಷ ಉಳಿಯಿತು. ಊರಿನವರು ಮಾತ್ರ ಸುಧಾರಿಸಲಿಲ್ಲ. ಯಾರಿಗೂ ಕೇಳಿದ ನೆರಳು ಬರದಿದ್ದಾಗ ಎಲ್ಲರೂ ಒಂದಾಗಿ ನೀಲಾಂಬಿಕಾಳನ್ನು ಬೈಯುತ್ತಿದ್ದರು. ಈಗ ಬರತೊಡಗಿದ ಮೇಲೆ ವಿದ್ಯಾನಗರದವರು ಕಟಗರ ಓಣಿಯವರನ್ನು, ಅವರು ಇವರನ್ನು ಬೈದುಕೊಂಡರು.

ಒಂದು ವಾರ ಕಳೆದಿರಬೇಕು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ನೀಲಾಂಬಿಕಾ ಕಿಟಕಿಯಿಂದ ಹೊರಗೆ ನೋಡಿದಳು. ಅಗಸಿ ಓಣಿಯ ಮೇಲೆ ಒಂದು ಹಾಯಿ ನಿಂತಿತ್ತು. ತುತ್ತು ಕೈಯಲ್ಲೇ ಉಳಿಯಿತು. ಪುಟ ತೆರೆದರೆ ಸೊನ್ನೆಯಿದ್ದಲ್ಲಿ ಒಂದು ತಾಸು ಎಂದಿತ್ತು. ಹುಡುಕಿ ತಿದ್ದಿ ನೋಡಿದಳು, ಸರಿಯಿತ್ತು. ಹುಡುಕದೆ ತಿದ್ದಿ ನೋಡಿದಳು, ಸರಿಯಿತ್ತು. ಈ ಚೌಕಟ್ಟಿನ ಮನೆ ಹಾಳಾಗ ಎಂದು ಶಪಿಸಿ, ಎಂಜಲು ಕೈಯಲ್ಲೇ ಚಂದಮ್ಮನಿಗೆ ಫೋನ್ ಮಾಡಿದಳು. ಮತ್ತೆ ತಪ್ಪಾಗಿದೆ, ಈಗಲೇ ತೆಗೆಸುತ್ತೇನೆ ಎಂದಳು.

ತೆಗೀಬ್ಯಾಡ್ರಿ ಎಂದಳು ಚಂದಮ್ಮ. ಅದನ್ನು ಬರೆದವಳು ತಾನೇ. ಸೊಸೆಯ ಫೋನಿನಲ್ಲಿ ಓಣಿಯ ಹೆಸರು ಹುಡುಕಿ, ಒಂದು ಎಂದು ಒತ್ತಿ, ಉಳಿಸಿದ್ದಳು. ಆ ಒಂದು ತಾಸು ಕುರಡಗಿಗೆ ಬಿಸಿಲು ತಪ್ಪಿದರೆ ಏನೂ ಆಗುವುದಿಲ್ಲ, ಸಂಜೆಯೊಳಗೆ ಒಣಗಿಯೇ ಒಣಗುತ್ತದೆ ಎಂದಳು. ನೀಲಾಂಬಿಕಾಳಿಗೆ ತಲೆ ಚಿಟ್ಟು ಹಿಡಿಯಿತು. ಹಾಗಾದರೆ ಅಷ್ಟು ದಿನ ಊರು ಹೊತ್ತಿ ಉರಿದದ್ದು ಯಾಕೆ, ನೆರಳು ಬೇಡ ಎಂದವರು ನೀವೇ ಅಲ್ಲವೇ ಎಂದು ಕೇಳಿದಳು.

"ಕುರಡಗಿಗಿ ಬ್ಯಾಡ ಅಂದೀನ್ರಿ. ನಮಗ ಬ್ಯಾಡ ಅಂತ ಯಾವಾಗ ಅಂದೀನಿ?" ಎಂದಳು ಚಂದಮ್ಮ. "ಆ ಎಂಟು ದಿನ ಕೆಲಸ ಹಾಳಾತು ಅಂತ ಅಳಕೋತ ಕುಂತಿದ್ವಿ, ಖರೆ. ಆದ್ರ ಅಂಗಾಲು ಸುಡಲಿಲ್ರಿ. ನಮ್ಮತ್ತಿ ಹಗಲು ಮಲಗಿದ್ದು ನಾ ಈ ಮನಿಗಿ ಬಂದಾಗಿಂದ ಅದೇ ಮೊದಲು. ಉಂಡ ಮ್ಯಾಲ ನೆರಳಾಗ ಕುಂದ್ರೋದು ಹ್ಯಾಂಗಿರ್ತದ ಅನ್ನೋದು ನಮಗ ಗೊತ್ತೇ ಇದ್ದಿಲ್ಲ."

ನೀಲಾಂಬಿಕಾ ಪರದೆಯನ್ನೇ ನೋಡುತ್ತ ಕೂತಳು. ಸೊನ್ನೆ ಬರೆದ ದಿನ ಅವಳು ಆ ಸಭೆಯಲ್ಲಿದ್ದಳು, ಡಾ. ಹಳ್ಳಿಖೇಡರೂ ಇದ್ದರು. ಕುರಡಗಿಗೆ ಎಷ್ಟು ಬಿಸಿಲು ಬೇಕೆಂಬುದನ್ನು ಅರ್ಧ ದಿನ ಚರ್ಚಿಸಿದ್ದರು. ಅದನ್ನು ಒತ್ತುವವರಿಗೆ ಎಷ್ಟು ಬೇಕೆಂದು ಒಬ್ಬರೂ ಕೇಳಿರಲಿಲ್ಲ. ಅವಳ ಪುಟದಲ್ಲಿ ಓಣಿಗೆ ಒಂದೇ ಚೌಕವಿತ್ತು. ಮಾಳಿಗೆಗೊಂದು, ಕಟ್ಟೆಗೊಂದು ಎಂದು ಬೇರೆ ಮಾಡಬೇಕಾದರೆ ಮತ್ತೆ ಎಲ್ಲ ಬಿಚ್ಚಿ ಕಟ್ಟಬೇಕು. ಅವಳಿಗೆ ಸಿಟ್ಟು ಬಂತು, ಈ ಸಲ ಚೌಕಟ್ಟಿನ ಮೇಲಲ್ಲ.

ಬಿಚ್ಚಿ ಕಟ್ಟುತ್ತೇನೆ, ಸ್ವಲ್ಪ ದಿನ ಹಿಡಿಯುತ್ತದೆ ಎಂದಳು. ಅಲ್ಲಿಯವರೆಗೆ ಈ ಒಂದು ತಾಸು ಸಾಲುತ್ತದೆಯೇ ಎಂದು ಕೇಳಿದಳು.

"ಸಾಕ್ರಿ ಮೇಡಂ," ಎಂದಳು ಚಂದಮ್ಮ.

ನೀಲಾಂಬಿಕಾಳ ಬೆರಳು ಚೌಕದ ಮೇಲೆ ಹೋಗಿ ನಿಂತಿತು. ಒಂದು ಸಲ ಸುಟ್ಟುಕೊಂಡವಳು ಅವಳು.

"ಚಂದಮ್ಮಾ, ಇದು ಖರೇ ಸಾಕೋ, ಪಂಕ್ತಿ ಸಾಕೋ?"

ಆ ಕಡೆ ಹೆಂಗಸರು ಏನೋ ಪಿಸುಗುಟ್ಟುವುದು, ಒಬ್ಬಳು ಕಿಸಕ್ಕನೆ ನಗುವುದು ಕೇಳಿಸಿತು.

"ಇನ್ನೊಂದು ಅರ್ಧ ತಾಸು ಇದ್ರ ನಡೀತದ್ರಿ," ಎಂದಳು ಚಂದಮ್ಮ.