ನಾಲ್ಕನೆಯ ಕಂಪ್ಯೂಟರ್

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ದೂರನ್ನು ಮನೆಯಲ್ಲೇ ಬರೆದು ತಂದಿದ್ದಳು. ಎರಡು ಹಾಳೆ. ಎಷ್ಟು ಒತ್ತಿ ಬರೆದಿದ್ದಳೆಂದರೆ ಅಕ್ಷರಗಳು ಹಿಂಬದಿಯಲ್ಲಿ ಉಬ್ಬಿ ಕೈಗೆ ಸಿಗುತ್ತಿದ್ದವು. ಇನ್‌ಸ್ಪೆಕ್ಟರ್ ಹಾಳೆಯನ್ನು ಕೈ ಚಾಚಿ ಹಿಡಿದಳು, ಇನ್ನಷ್ಟು ದೂರ ಹಿಡಿದಳು, ಕೊನೆಗೆ ಹೆಡ್ ಕಾನ್‌ಸ್ಟೆಬಲ್ಲನ ಕಡೆ ಸರಿಸಿ "ನೀವೇ ಓದಿ" ಎಂದಳು. ಐವತ್ತೆರಡು ದಾಟಿದ ಮೇಲೆ ಅವಳ ಕೈಗಳೇ ಅಕ್ಷರಗಳಿಗೆ ಗಿಡ್ಡವಾಗಿಬಿಟ್ಟಿದ್ದವು. ಕನ್ನಡಕದ ಚೀಟಿ ಒಂದು ವರ್ಷದಿಂದ ಪರ್ಸಿನಲ್ಲಿತ್ತು. ಪುರುಸೊತ್ತಿಲ್ಲ ಎಂಬುದು ಮನೆಯವರಿಗೆ ಹೇಳುವ ಮಾತು. ನಿಜವಾದ ಕಾರಣವನ್ನು ಅವಳು ತನ್ನನ್ನೇ ಕೇಳಿಕೊಂಡಿರಲಿಲ್ಲ.

ದೂರು ಇಷ್ಟು: ಕಳೆದ ಜೂನ್‌ನಲ್ಲಿ ಈಕೆಯ ಅಕ್ಕನ ಎದೆಯಲ್ಲಿ ಒಂದು ಗಂಟು ಕಂಡಿತು. ಪರೀಕ್ಷಾ ಲ್ಯಾಬಿಗೆ ಹೋದರು. ರಕ್ತ ಕೊಟ್ಟರು, ಗಂಟಿನೊಳಗೆ ಸೂಜಿ ಹಾಕಿಸಿಕೊಂಡರು. ಎಲ್ಲ ಸರಿಯಾಗಿದೆ ಎಂದು ರಿಪೋರ್ಟ್ ಬಂತು. ಜನವರಿಯಲ್ಲಿ ಅಕ್ಕ ತೀರಿಕೊಂಡಳು. ಜೂನ್‌ನಲ್ಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳು ಎಂದು ದೊಡ್ಡಾಸ್ಪತ್ರೆಯ ವೈದ್ಯರು ಹೇಳಿದರು. ಮನೆಯವರು ಕೋರ್ಟಿಗೆ ಹೋದರು. ಶುಕ್ರವಾರದೊಳಗೆ ಮೂಲ ದಾಖಲೆ ಹಾಜರುಪಡಿಸಿ ಎಂದು ಲ್ಯಾಬಿಗೆ ಆದೇಶವಾಯಿತು. ಈಗ ಲ್ಯಾಬಿನವರು ಕಂಪ್ಯೂಟರ್ ಕೆಟ್ಟಿದೆ ಎನ್ನುತ್ತಿದ್ದಾರೆ.

"ಅಲ್ಲಿ ನಾಲ್ಕು ಕಂಪ್ಯೂಟರ್ ಇವೆ ಮೇಡಂ. ಮೂರು ಸರಿಯಾಗಿವೆ. ನಮ್ಮಕ್ಕನ ರಿಪೋರ್ಟ್ ಇರೋದೊಂದೇ ಕೆಟ್ಟಿದೆಯಂತೆ" ಎಂದಳು ತಂಗಿ.

"ರಿಪೋರ್ಟ್ ತಂದಿದ್ದು ಯಾರು?"

"ನಾನೇ. ರಸ್ತೇಲಿ ನಿಂತೇ ಕವರ್ ಒಡೆದೆ. ಎಲ್ಲಾ ನಾರ್ಮಲ್. ಅಲ್ಲಿಂದಾನೇ ಅಕ್ಕನಿಗೆ ಫೋನ್ ಮಾಡಿದೆ."

"ಆ ಕಾಗದ ಇದೆಯಾ?"

"ಇಲ್ಲ. ನಾರ್ಮಲ್ ಅಂತ ಬಂದಿದ್ದನ್ನ ಯಾರು ಎತ್ತಿಟ್ಕೋತಾರೆ ಮೇಡಂ?"

ಹತ್ತು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಸಂಖ್ಯೆ 41. ಆರೋಪ, ಸಾಕ್ಷ್ಯನಾಶ. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತರು' ಎಂದು ಬರೆದುಕೊಂಡರು.

ಲ್ಯಾಬು ಮುಖ್ಯರಸ್ತೆಯ ಒಂದು ಕಟ್ಟಡದ ನೆಲಮಹಡಿಯಲ್ಲಿತ್ತು. ಮುಂದೆ ಕೌಂಟರ್, ಅದರ ಹಿಂದೆ ರಕ್ತಪರೀಕ್ಷೆಯ ಯಂತ್ರಗಳು, ಕೊನೆಯಲ್ಲಿ, ಸೂಜಿಯಿಂದ ತೆಗೆದ ಕಣಗಳನ್ನು ಗಾಜಿನ ಮೇಲೆ ಹರಡಿ ನೋಡುವ ಸ್ಲೈಡ್ ಕೋಣೆ. ಅಲ್ಲಿ ಕಿಟಕಿಯ ಬಳಿ ಸೂಕ್ಷ್ಮದರ್ಶಕ, ಪಕ್ಕದಲ್ಲಿ ನಾಲ್ಕನೆಯ ಕಂಪ್ಯೂಟರ್. ಮಾಲೀಕರಾದ ಡಾಕ್ಟರು ಬಾಗಿಲಲ್ಲೇ ಎದುರಾಗಿ ಶನಿವಾರ ಲ್ಯಾಬು ಮುಚ್ಚುವವರೆಗೂ ಅದು ನಡೆಯುತ್ತಿತ್ತು, ಸೋಮವಾರ ಬೆಳಿಗ್ಗೆ ಏಳಲಿಲ್ಲ ಎಂದರು. ತಾವು ಏನನ್ನೂ ಮುಟ್ಟಿಲ್ಲ ಎಂದು ಮೂರು ಸಲ ಹೇಳಿದರು. ಕಂಪ್ಯೂಟರ್ ರಿಪೇರಿಯವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಸುತ್ತಲೂ ಐದಾರು ಸಿಡಿಗಳು.

ಸತ್ತ ಕಂಪ್ಯೂಟರನ್ನು ಎಬ್ಬಿಸಿ ಕೂರಿಸುವವನು ಎಂದು ಊರಲ್ಲಿ ತನಗೆ ಹೆಸರಿದೆ, ಇದೊಂದು ಆ ಮಾನ ಕಳೆಯಿತು ಎಂದು ಅವನು ಅಲವತ್ತುಕೊಂಡ. ಕೆಟ್ಟ ಡಿಸ್ಕನ್ನು ದುರಸ್ತಿ ಮಾಡುವ ಸಿಡಿ ಅವನದು. ಡಿಸ್ಕು ಏಳದಿದ್ದರೂ ಯಂತ್ರ ಈ ಸಿಡಿಯಿಂದ ಶುರುವಾಗಬೇಕು. ಉಳಿದ ಮೂರರಲ್ಲಿ ಹಾಕಿ ತೋರಿಸಿದ. ಒಂದೊಂದೂ ನಿಮಿಷದೊಳಗೆ ನೀಲಿ ಪರದೆ ತೆರೆದು ಕೂತಿತು. ನಾಲ್ಕನೆಯದು ಮಾತ್ರ ಸಿಡಿಯ ಕಡೆ ತಿರುಗಿಯೂ ನೋಡಲಿಲ್ಲ. ಬೇರೆ ಸಿಡಿ ಬರೆದು ನೋಡಿದ್ದ, ಸಿಡಿ ಓದುವ ಬೇರೆ ಡ್ರೈವನ್ನು ಹೊರಗಿನಿಂದ ಜೋಡಿಸಿ ನೋಡಿದ್ದ. ಏನೂ ಆಗಲಿಲ್ಲ.

"ಸಿಡಿಯಲ್ಲೇ ದೋಷ ಇರಬಹುದಲ್ಲ?" ಇನ್‌ಸ್ಪೆಕ್ಟರ್ ಕೇಳಿದಳು.

"ಔಷಧಿ ಅದೇ ಮೇಡಂ, ಮೂರು ಜನಕ್ಕೆ ಗುಣ ಆಯ್ತು. ನಾಲ್ಕನೆಯವರು ಬಾಯೇ ತೆರೀತಿಲ್ಲ."

"ಯಾಕೆ ತೆರೀತಿಲ್ಲ?"

ಅವನು ಯಂತ್ರವನ್ನು ಮತ್ತೆ ಹಚ್ಚಿ ಒಂದು ಕೀಲಿ ಒತ್ತಿದ. ಪಾಸ್‌ವರ್ಡ್ ಕೇಳುವ ಸಣ್ಣ ಚೌಕ ಮೂಡಿತು. ಇದರೊಳಗೆ ಸೆಟ್ಟಿಂಗ್ ಪುಟವಿದೆ, ಮೊದಲು ಸಿಡಿ ನೋಡು, ಆಮೇಲೆ ಡಿಸ್ಕ್ ನೋಡು ಎಂದು ಯಂತ್ರಕ್ಕೆ ಹೇಳಿಕೊಡುವುದು ಅಲ್ಲೇ ಎಂದು ವಿವರಿಸಿದ. "ಯಾರೋ ಸಿಡಿ ನೋಡಲೇಬೇಡ ಅಂತ ಹೇಳಿ, ಹೊರಗೆ ಬಂದು ಬೀಗ ಹಾಕಿದ್ದಾರೆ. ತಾನಾಗಿ ಆಗೋದಲ್ಲ ಇದು." ಪೆಟ್ಟಿಗೆ ಬಿಚ್ಚೋಣವೆಂದರೆ ಕೋರ್ಟಿನ ಆದೇಶದ ಭಯ. ನಾಳೆ ತನ್ನ ತಲೆಗೇ ಬಂದರೆ ಎಂದು ಅವನು ಕೈಕಟ್ಟಿ ಕೂತಿದ್ದ.

ಎದುರಿನ ಚಪ್ಪಲಿ ಅಂಗಡಿಯವನನ್ನೂ ಮಹಡಿಯ ಟೈಲರನ್ನೂ ಪಂಚರಾಗಿ ಕರೆಸಿ ಹನ್ನೆರಡೂ ಕಾಲಿಗೆ ಪಂಚನಾಮೆ ಶುರುಮಾಡಿದರು. ಹೆಡ್ ಕಾನ್‌ಸ್ಟೆಬಲ್ ಪಂಚನಾಮೆ ಬರೆಯುವುದರಲ್ಲಿ ಎತ್ತಿದ ಕೈ. ಗೋಡೆಯ ಮೇಲಿನ ಹಲ್ಲಿಯನ್ನೂ ಬಿಡುವುದಿಲ್ಲ ಎಂದು ಠಾಣೆಯವರು ಆಡಿಕೊಳ್ಳುತ್ತಿದ್ದರು. ಪೆಟ್ಟಿಗೆ ಬಿಚ್ಚಿದರೆ ಗೊತ್ತಾಗಲೆಂದು ರಿಪೇರಿಯವನು ಹಿಂದೆ ಅಂಟಿಸಿದ್ದ ಚೀಟಿಯನ್ನು ತೆಳ್ಳಗಿನ ಅಲಗಿನಿಂದ ನೀಟಾಗಿ ಕೊಯ್ದು ಮತ್ತೆ ಒತ್ತಲಾಗಿತ್ತು. ನಾಲ್ಕು ಸ್ಕ್ರೂಗಳ ತಲೆಯಲ್ಲೂ ಎಣ್ಣೆಯ ಜಿಡ್ಡು. ಒಳಗೆ ಡಿಸ್ಕ್ ತನ್ನ ಜಾಗದಲ್ಲೇ ಇತ್ತು. ಅದಕ್ಕೆ ಹೋಗಬೇಕಾದ ವೈರನ್ನು ಕಿತ್ತು, ಅದರ ತುದಿಗೆ ತೆಳು ಬಿಳಿ ಕಾಗದವನ್ನು ಎರಡು ಸುತ್ತು ಸುತ್ತಿ, ದಾರದಿಂದ ಕಟ್ಟಿದ್ದರು.

ಇನ್‌ಸ್ಪೆಕ್ಟರ್ ಅದನ್ನೇ ನೋಡುತ್ತ ನಿಂತಳು. ಇಪ್ಪತ್ತಾರು ವರ್ಷಗಳಲ್ಲಿ ಒಡೆದ ಬೀಗ, ಸುಟ್ಟ ಕಡತ, ಬಾವಿಗೆಸೆದ ಫೋನು ಎಲ್ಲವನ್ನೂ ಕಂಡಿದ್ದಳು. ಕೆಡಿಸಲು ಬಂದವರು ಹೀಗೆ ಮಗುವಿನ ಬೆರಳಿಗೆ ಬಟ್ಟೆ ಸುತ್ತಿದಂತೆ ಸುತ್ತಿಟ್ಟು ಹೋದದ್ದನ್ನು ಕಂಡಿರಲಿಲ್ಲ. ಅವಳ ಕಣ್ಣು ಸೂಕ್ಷ್ಮದರ್ಶಕದ ಕಡೆ ಹೋಯಿತು. ಪಕ್ಕದಲ್ಲಿ ಲೆನ್ಸಿಗೆ ಹಚ್ಚುವ ಎಣ್ಣೆಯ ಸೀಸೆ, ಲೆನ್ಸ್ ಒರೆಸುವ ತೆಳು ಬಿಳಿ ಕಾಗದದ ಕಟ್ಟು.

ರಿಪೇರಿಯವನು ಒಳಗಿನ ಬಿಲ್ಲೆ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟ. ಪಾಸ್‌ವರ್ಡ್ ಅಳಿಸಿಹೋಯಿತು. ವೈರ್ ಜೋಡಿಸಿ ಅದೇ ಸಿಡಿ ಹಾಕಿದಾಗ ನೀಲಿ ಪರದೆ ತೆರೆಯಿತು, ಪಟ್ಟಿಯಲ್ಲಿ ಡಿಸ್ಕೂ ಕಂಡಿತು. ಡಿಸ್ಕಿಗೆ ಏನೂ ಆಗಿರಲಿಲ್ಲ. ಅದನ್ನು ಅಲ್ಲೇ ಬಿಚ್ಚಿಸಿ, ಮೊಹರು ಮಾಡಿ, ಪ್ರತಿ ತೆಗೆಯಲು ಸೈಬರ್ ವಿಭಾಗಕ್ಕೆ ಕಳಿಸಿದರು.

"ಈ ಸೆಟ್ಟಿಂಗ್ ಪುಟ ಇಲ್ಲಿ ಯಾರಿಗೆ ಗೊತ್ತು?"

ರಿಪೇರಿಯವನು ಸಿಡಿಗಳನ್ನು ಒಂದೊಂದಾಗಿ ಕವರಿಗೆ ಹಾಕಿದ. ಎಲ್ಲ ಮುಗಿದ ಮೇಲೂ ತಲೆ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಒಬ್ಬರಿಗೆ ತಾನೇ ಕಲಿಸಿದ್ದೆ ಎಂದ. "ಸ್ಲೈಡಕ್ಕನಿಗೆ. ಬೇರೆಯವರಿಗೆಲ್ಲ ಕೆಟ್ಟರೆ ನನ್ನ ಕರೆದ್ರಾಯ್ತು. ಅವರೊಬ್ಬರೇ ಹೇಗೆ ಅಂತ ಕೇಳಿದ್ದು. ಇರುವೆಗೂ ದಾರಿ ಬಿಡೋ ಹೆಂಗಸು ಮೇಡಂ ಅದು."

ಸ್ಲೈಡಕ್ಕನನ್ನು ಮೂರು ಹತ್ತಕ್ಕೆ ಅದೇ ಕೋಣೆಯಲ್ಲಿ ಕೂರಿಸಿ ಪ್ರಶ್ನಿಸಿದರು. ವಯಸ್ಸು ಐವತ್ತೇಳು. ಮೂವತ್ತೊಂದು ವರ್ಷದಿಂದ ಇಲ್ಲಿ ಸ್ಲೈಡ್ ನೋಡುವ ಕೆಲಸ. ಮೊದಲು ಈಕೆ ನೋಡಿ ಬರೆಯುವುದು, ಅನುಮಾನವಿದ್ದವನ್ನು ಡಾಕ್ಟರು ಇನ್ನೊಮ್ಮೆ ನೋಡುವುದು, ಇಲ್ಲದಿದ್ದವಕ್ಕೆ ಹಾಗೇ ಸಹಿ ಹಾಕುವುದು. ಈಕೆ ಇಲ್ಲ ಎಂದರೆ ಇಲ್ಲ ಎಂದೇ ಲೆಕ್ಕ. ಮಾತಾಡುವಾಗ ಆಕೆಯ ನೋಟ ಇನ್‌ಸ್ಪೆಕ್ಟರಳ ಮುಖಕ್ಕೆ ನೇರವಾಗಿ ತಾಗದೆ ಕಿವಿಯ ಪಕ್ಕಕ್ಕೆ ಹೋಗುತ್ತಿತ್ತು. ಸುಳ್ಳು ಹೇಳುವವರ ನೋಟ ಎಂದುಕೊಂಡಳು ಇನ್‌ಸ್ಪೆಕ್ಟರ್. ಆಮೇಲೆ ಮೇಜಿನ ಮೇಲಿದ್ದ, ದಿನದ ಸ್ಲೈಡುಗಳ ಎಣಿಕೆ ಬರೆದಿಡುವ ಆಕೆಯ ನೋಟ್‌ಬುಕ್ ತಿರುವಿದಳು. ಎರಡು ವರ್ಷದ ಹಿಂದೆ ಅಕ್ಷರ ಸಾಸಿವೆಯಷ್ಟಿತ್ತು. ಹಾಳೆ ತಿರುವಿದಂತೆ ದೊಡ್ಡದಾಗುತ್ತ ಹೋಗಿತ್ತು. ಕಳೆದ ತಿಂಗಳಿನದು ಹುಣಸೆಬೀಜದಷ್ಟು. ಕನ್ನಡಕವಿಲ್ಲದೆ ಇನ್‌ಸ್ಪೆಕ್ಟರಳೇ ಓದಬಹುದಾಗಿತ್ತು.

"ಶನಿವಾರ ಎಷ್ಟು ಹೊತ್ತಿಗೆ ಬೀಗ ಹಾಕಿದ್ರಿ?"

"ನಾಲ್ಕಾಗಿತ್ತು."

"ಎರಡಕ್ಕೆ ಮುಚ್ಚುತ್ತಲ್ಲ?"

"ಲೆನ್ಸ್ ಒರೆಸ್ತಿದ್ದೆ."

"ಎರಡು ಗಂಟೆ ಹೊತ್ತು?"

ಇನ್‌ಸ್ಪೆಕ್ಟರ್ ದನಿ ತಗ್ಗಿಸಿದಳು. "ವೈರಿನ ತುದಿಗೆ ಕಾಗದ ಯಾಕೆ ಸುತ್ತಿದ್ರಿ?"

"ಧೂಳು ಕೂರುತ್ತಲ್ಲ ಅಂತ" ಎಂದಿತು ಆಕೆಯ ಬಾಯಿ. ತಾನು ಏನು ಹೇಳಿದೆನೆಂದು ಗೊತ್ತಾದದ್ದು ಆಮೇಲೆ. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದ.

ಮುಂದಿನದೆಲ್ಲವನ್ನೂ ಆಕೆ ಕೇಳದೆಯೇ ಹೇಳಿದಳು. ಕಳೆದ ಬೇಸಿಗೆಯಿಂದ ಕಣ್ಣೊಳಗೆ ಮಂಜು. ಲೆನ್ಸಿನ ಜಿಡ್ಡೆಂದು ಒರೆಸಿದಳು, ಒರೆಸಿದಳು, ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ಒಂದೊಂದು ಸ್ಲೈಡನ್ನೂ ಎರಡು ಸಲ, ಮೂರು ಸಲ ನೋಡತೊಡಗಿದಳು. ಇರುವುದು ತಮ್ಮನ ಮನೆಯಲ್ಲಿ. ಅಲ್ಲಿ ಆಕೆ ಮೂಲೆಯ ಕೋಣೆಯ ಅತ್ತೆ, ಊಟಕ್ಕೆ ಕರೆದರೆ ಬರುವವಳು. ಸ್ಲೈಡಕ್ಕ ಆಗಿರುವುದು ಇಲ್ಲಿ ಮಾತ್ರ. ಕೋರ್ಟಿನ ನೋಟೀಸು ಬಂದ ದಿನ ತಿಂಗಳು ನೋಡಿದಳು. ಜೂನ್. ಮಂಜು ಕವಿದ ಮೊದಲ ದಿನಗಳು. ತನ್ನ ಕಣ್ಣೇ ಆ ಹೆಂಗಸನ್ನು ಕೊಂದಿತು ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟಳು.

"ಡಿಸ್ಕನ್ನೇ ಒಡೆದುಹಾಕಬಹುದಿತ್ತಲ್ಲ?"

"ಅದರಲ್ಲಿ ಬೇರೆಯವರದೂ ಇದೆಯಲ್ಲ ಮೇಡಂ. ಕೆಟ್ಟಿದೆ ಅಂತ ಮೂಲೆಗೆ ಇಟ್ಟಿದ್ರೆ ಸಾಕಿತ್ತು ನನಗೆ."

"ತೀರಿಕೊಂಡವರ ಸ್ಲೈಡು?"

"ಕಪಾಟಲ್ಲಿದೆ. ಮೇಲಿಂದ ಮೂರನೇ ಪೆಟ್ಟಿಗೆ."

"ಮತ್ತೊಮ್ಮೆ ನೋಡಲಿಲ್ವಾ?"

"ಈಗ ಕಂಡ್ರೆ, ಅವತ್ತು ಬಿಟ್ಟೆ ಅಂತ ಆಗುತ್ತೆ. ಈಗಲೂ ಕಾಣದೆ ಹೋದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಹೇಳಿಕೆ ಬರೆದುಕೊಂಡು, ಕರೆದಾಗ ಬರಬೇಕೆಂದು ತಿಳಿಸಿ ಮನೆಗೆ ಕಳಿಸಿದರು.

ಮಾರ್ಚ್ 13, ಗುರುವಾರ. ಸಂಜೆ ನಾಲ್ಕಕ್ಕೆ ಡಿಸ್ಕಿನ ಪ್ರತಿ ಠಾಣೆಗೆ ಬಂತು. ತಂಗಿ ಮಧ್ಯಾಹ್ನದಿಂದಲೇ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಇನ್‌ಸ್ಪೆಕ್ಟರಳ ಎದುರು ಸ್ಲೈಡಕ್ಕ. ಪಕ್ಕದ ಕೋಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ದಾಖಲೆಯನ್ನು ಮುದ್ರಿಸಿ, ಓದಿ, ಎದ್ದು ಬಂದು ಬಾಗಿಲಲ್ಲಿ ನಿಂತ. "ಮೇಡಂ, ಸ್ವಲ್ಪ ಇಲ್ಲಿ ಬನ್ನಿ."

ಅವನು ತಗ್ಗಿದ ದನಿಯಲ್ಲಿ ಓದಿದ. ಜೂನ್ 14, ರಕ್ತದ ರಿಪೋರ್ಟ್, ಎಲ್ಲ ಮಿತಿಯೊಳಗಿದೆ, ರೋಗಿಯ ತಂಗಿಗೆ ಕೊಡಲಾಗಿದೆ. ಜೂನ್ 18, ಸ್ಲೈಡ್ ರಿಪೋರ್ಟ್. ಅನುಮಾನಾಸ್ಪದ ಕಣಗಳು ಕಂಡಿವೆ, ತಡಮಾಡದೆ ಶಸ್ತ್ರವೈದ್ಯರಿಗೆ ತೋರಿಸುವುದು. ಬರೆದವರು ಸ್ಲೈಡಕ್ಕ, ಒಪ್ಪಿದವರು ಡಾಕ್ಟರು. ಅದರ ಕೆಳಗೆ: ಒಯ್ದಿಲ್ಲ. ಜೂನ್ 20 ಮತ್ತು 24ರಂದು ತಂಗಿಯ ಫೋನಿಗೆ ಕರೆ, ಎತ್ತಲಿಲ್ಲ. ಸೆಪ್ಟೆಂಬರ್ ಕೊನೆ, ರಿಪೋರ್ಟ್ ಹರಿದುಹಾಕಲಾಗಿದೆ.

ಮೂರು ತಿಂಗಳು ಯಾರೂ ಒಯ್ಯದ ಕವರುಗಳನ್ನು ಹರಿದುಹಾಕುವುದು ಆ ಲ್ಯಾಬಿನ ಪದ್ಧತಿ. ದಿನಕ್ಕೆ ಎಪ್ಪತ್ತು ಕವರುಗಳಲ್ಲಿ ಇದೊಂದು ಕವರು ಡಾಕ್ಟರಿಗೂ ನೆನಪಿರಲಿಲ್ಲ. ರಿಪೋರ್ಟ್ ಎರಡು ಬರುತ್ತವೆ ಎಂದು ಕೌಂಟರಿನವರು ಅವತ್ತು ಹೇಳಿದರೋ ಇಲ್ಲವೋ, ಹೇಳಿದ್ದು ಆ ಗಡಿಬಿಡಿಯಲ್ಲಿ ತಂಗಿಯ ಕಿವಿಗೆ ಬಿತ್ತೋ ಇಲ್ಲವೋ, ಅದನ್ನು ಯಾವ ಡಿಸ್ಕೂ ಬರೆದಿಟ್ಟಿರಲಿಲ್ಲ.

ಇನ್‌ಸ್ಪೆಕ್ಟರ್ ಹಾಳೆಯನ್ನು ಇಸಿದುಕೊಂಡು, ಅದರ ಜೊತೆಗೆ ಹೆಡ್ ಕಾನ್‌ಸ್ಟೆಬಲ್ಲನ ಕನ್ನಡಕವನ್ನೂ ಇಸಿದುಕೊಂಡು, ತಾನೇ ಒಮ್ಮೆ ಓದಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕದಿಯದ ಕುಂಬಳಕಾಯಿಗೆ ಹೆಗಲು ಒರೆಸಿಕೊಂಡವಳನ್ನು ಏನನ್ನುತ್ತಾರೋ ಅವಳಿಗೆ ತಿಳಿಯಲಿಲ್ಲ. ಆದರೆ ಒರೆಸಿಕೊಂಡದ್ದು ನಿಜ. ಕೋರ್ಟು ಕೇಳಿದ ದಾಖಲೆಯನ್ನು ಮರೆಮಾಡಿದ್ದು ಅಪರಾಧ. ದಾಖಲೆಯಲ್ಲಿ ಏನಿತ್ತೆಂಬುದು ಅದನ್ನು ಅಳಿಸುವುದಿಲ್ಲ.

ಅವಳು ಒಳಗೆ ಬಂದು ರಿಪೋರ್ಟಿನ ಸಾಲನ್ನು ಓದಿ ಹೇಳಿದಳು. ಸ್ಲೈಡಕ್ಕ ಅಳಲಿಲ್ಲ. ಮುಖವನ್ನು ದನಿ ಬಂದ ಕಡೆಗೆ ತಿರುಗಿಸಿದಳು.

"ನಾನು ನೋಡಿದ್ದೆನಾ?"

"ನೋಡಿದ್ರಿ. ಸರಿಯಾಗೇ ಬರೆದಿದ್ರಿ."

"ಇನ್ನೊಂದು ಸಲ ಓದಿ ಮೇಡಂ."

ಇನ್‌ಸ್ಪೆಕ್ಟರ್ ಇನ್ನೊಂದು ಸಲ ಓದಿದಳು. ಸ್ಲೈಡಕ್ಕನ ತುಟಿಯೂ ಜೊತೆಗೆ ಆಡಿತು, ಬಹಳ ಹಿಂದೆ ಬಾಯಿಪಾಠ ಮಾಡಿದ್ದು ನೆನಪಾದವರಂತೆ.

ಸಂಜೆ ಐದೂ ಹತ್ತಕ್ಕೆ ದಸ್ತಗಿರಿ. ಮನೆಯವರಲ್ಲಿ ಯಾರಿಗೆ ತಿಳಿಸಬೇಕೆಂದು ಹೆಡ್ ಕಾನ್‌ಸ್ಟೆಬಲ್ ಕೇಳಿದಾಗ ಆಕೆ ತಮ್ಮನ ನಂಬರ್ ಹೇಳಿ, "ಕಣ್ಣಿನ ವಿಷಯ ಮಾತ್ರ ಹೇಳಬೇಡಿ" ಎಂದಳು. ದಸ್ತಗಿರಿ ಪತ್ರವನ್ನು ಮುಂದಿಟ್ಟರು. ಆಕೆ ಪೆನ್ನು ಹಿಡಿದು ಕಾಗದದ ಮೇಲೆ ಬಗ್ಗಿದಳು, ಇನ್ನೂ ಬಗ್ಗಿದಳು. ಸಹಿಯ ಗೆರೆ ಸಿಗಲಿಲ್ಲ. ಇನ್‌ಸ್ಪೆಕ್ಟರ್ ಮೇಜಿನ ಆಚೆಯಿಂದ ಎದ್ದು ಬಂದು ಆಕೆಯ ಬೆರಳನ್ನು ಹಿಡಿದು ಗೆರೆಯ ಮೇಲಿಟ್ಟಳು. ಜಾಮೀನು ಸಿಗುವ ಪ್ರಕರಣ, ನಾಳೆಯೇ ಸಿಗಬಹುದು ಎಂದೂ ಹೇಳಿದಳು. ಅದು ಆಕೆಗೆ ಕೇಳಿಸಿದಂತೆ ಕಾಣಲಿಲ್ಲ.

ಪ್ರಕರಣದ ದಿನಚರಿಯಲ್ಲಿ 'ಉದ್ದೇಶ' ಎಂಬ ಕಲಮಿನ ಎದುರು ಇನ್‌ಸ್ಪೆಕ್ಟರ್ ತಾನೇ ಬರೆದಳು: ಲಾಭಕ್ಕಾಗಿ ಅಲ್ಲ. ತಾನು ತಪ್ಪಿರಬಹುದೆಂಬ ಭಯ. ನೋಡಿದ್ದರೆ ತಿಳಿಯುತ್ತಿತ್ತು. ನೋಡಲು ಭಯ.

ದಿನಚರಿ ಮುಚ್ಚಿ, ಮುದ್ರಿಸಿದ ದಾಖಲೆಯ ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಅವಳು ಹೊರಗೆ ಬಂದಳು. ಬೆಂಚಿನಿಂದ ತಂಗಿ ಥಟ್ಟನೆ ಎದ್ದು ನಿಂತಳು.

"ಸಿಕ್ತಾ ಮೇಡಂ? ಯಾರ ತಪ್ಪು ಅಂತ ಗೊತ್ತಾಯ್ತಾ?"

ಇನ್‌ಸ್ಪೆಕ್ಟರ್ ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು.

"ಮೊದಲು ಕೂತ್ಕೊಳ್ಳಮ್ಮ" ಎಂದಳು.